ಗೋಣಿಚೀಲಕ್ಕೆ ಬಿದ್ದ ಮೇಲೆ ಎಲ್ಲಾ ತೊಗಟೆನೂ ಅಶೋಕಾನೇ

ದಾವಣಗೆರೆಯ ಓದುಗರೊಬ್ಬರು ಬರೆದಿದಾರೆ, ಹೆಸರು ಹಾಕಬೇಡಿ ಅಂದಿದಾರೆ: "ಅಮ್ಮನಿಗೆ 46 ವರ್ಷ. ಮುಟ್ಟಿನ ಟೈಮಲ್ಲಿ ವಿಪರೀತ ರಕ್ತ ಹೋಗುತ್ತೆ. ಯಾರೋ ಹೇಳಿದ್ರು ಅಂತ ಗ್ರಂಧಿಗೆ ಅಂಗಡಿಯಿಂದ ಅಶೋಕದ ಚಕ್ಕೆ ತಂದು 5 ತಿಂಗಳಿಂದ ಕಷಾಯ ಕುಡೀತಿದಾರೆ, ಒಂದಿಷ್ಟೂ ಕಮ್ಮಿ ಆಗಿಲ್ಲ. ಆಯುರ್ವೇದ ಅನ್ನೋದೇ ಬೊಗಳೆ ಅಂತಾನೆ ನನ್ನ ತಮ್ಮ. ಕಲಬೆರಕೆ ಸುದ್ದಿಯೆಲ್ಲ ಇಂಗ್ಲಿಷ್ ಔಷಧಿ ಕಂಪನಿಯವರು ಹಬ್ಬಿಸಿದ್ದು ಅಂತಾರೆ ಚಿಕ್ಕಪ್ಪ. ನೀವೇನಂತೀರಿ? ಚಕ್ಕೆಯ ಒಂದು ತುಂಡು ಕವರಲ್ಲಿ ಇಟ್ಟಿದೀನಿ."

ಸಂಪಾದಕರ ಉತ್ತರ:

ನಿಮ್ಮ ಪತ್ರಕ್ಕಿಂತ ಆ ತುಂಡು ನೋಡಿ ನನಗೆ ಹೆಚ್ಚು ಖುಷಿಯಾಯ್ತು. ಔಷಧಿ ಬಗ್ಗೆ ಈ ಕಾಲಂಗೆ ಬರೆಯೋರು ನಂಬಿಕೆ ಕಳಿಸ್ತಾರೆ, ಸಿಟ್ಟು ಕಳಿಸ್ತಾರೆ, ವಾಟ್ಸಾಪ್ ಫಾರ್ವರ್ಡ್ ಪ್ರಿಂಟ್ ತೆಗೆದು ಕಳಿಸ್ತಾರೆ, ಸರಕನ್ನೇ ಕಳಿಸಿದವರು ನೀವೇ ಮೊದಲು. ನಮ್ಮೂರಲ್ಲಿ ಬಾಟನಿ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರೊಬ್ಬರಿದಾರೆ, ಅವರ ಹತ್ರ ತಗೊಂಡು ಹೋದೆ. ಕನ್ನಡಕ ಹಣೆಗೇರಿಸಿ ನೋಡಿದ್ರು, ಉಗುರಲ್ಲಿ ಗೀರಿದ್ರು, ಆಮೇಲೆ ಬಗ್ಗಿಸಿದ್ರು. ಮುರೀಲಿಲ್ಲ, ನಾರುನಾರಾಗಿ ಸೀಳಿಕೊಳ್ತು. "ಇದು ಸ್ಕೂಲ್ ಕಾಂಪೌಂಡಿನ ಅಶೋಕ ಕಣಯ್ಯಾ, ಸೀತೆ ಕೂತಿದ್ದ ಮರ ಅಲ್ಲ" ಅಂದ್ರು.

ನಾವು ಅಶೋಕ ಅಂತ ಕರೆಯೋ ಮರ ಎರಡಿದೆ. ಒಂದು ಸ್ಕೂಲು, ಆಫೀಸು, ಪಾರ್ಕುಗಳ ಗೋಡೆ ಪಕ್ಕ ಕಂಬದ ಥರ ನೆಟ್ಟಗೆ ನಿಂತಿರುತ್ತಲ್ಲ ಅದು, ಅಲೆಅಲೆ ಅಂಚಿನ ಉದ್ದ ಎಲೆ, ಹಸಿರು ಬಣ್ಣದ ಹೂವು, ಅದು ಸೀತಾಫಲದ ಮನೆತನದ್ದು. ಔಷಧಿಯ ಅಶೋಕ ಬೇರೆನೇ, ಅದು ಹುಣಸೆಮರದ ನೆಂಟ. ಬೇಸಿಗೆ ಶುರುವಾಗೋ ಹೊತ್ತಿಗೆ ಕೊಂಬೆ, ಕಾಂಡದ ಮೇಲೆಲ್ಲ ಗೊಂಚಲು ಗೊಂಚಲು ಹೂ ಬಿಡುತ್ತೆ, ಅರಳಿದಾಗ ಕಿತ್ತಳೆ ಹಳದಿ, ಹಳೇದಾಗ್ತಾ ಕೆಂಪು, ಚಿಗುರಾದ್ರೆ ತಾಮ್ರದ ಬಣ್ಣದಲ್ಲಿ ಜೋತು ಬಿದ್ದಿರುತ್ತೆ. ಅದರ ತೊಗಟೆ ಮೇಲೆ ನರೂಲಿ ಥರ ಸಣ್ಣ ಗುಳ್ಳೆ, ಒಳಗಡೆ ಕೆಂಪು ಮಿಶ್ರಿತ ಕಂದು, ಬಾಯಿಗೆ ಹಾಕಿದ್ರೆ ನಾಲಿಗೆ ಹಿಡಿಯೋ ಒಗರು. ಇಷ್ಟು ವ್ಯತ್ಯಾಸ ಇರೋ ಎರಡು ಮರನ ಒಂದೇ ಅನ್ನೋಕೆ ಸಾಧ್ಯ ಆಗೋದು ಎಲೆ, ಹೂವು ಎಲ್ಲಾ ಬಿಟ್ಟು ತೊಗಟೆ ಮಾತ್ರ ಗೋಣಿಚೀಲಕ್ಕೆ ಬಿದ್ದಾಗ.

ನಿಮಗೆ ಒಬ್ಬರಿಗೇ ಹೀಗಾಗಿದೆ ಅಂತ ಅಂದ್ಕೋಬೇಡಿ. ಬೆಂಗಳೂರಿನ ವಿಜ್ಞಾನಿಗಳು ಬೇರೆಯವರ ಜೊತೆ ಸೇರಿ ಮಾರುಕಟ್ಟೆಯಿಂದ ಅಶೋಕದ ತೊಗಟೆ ತರಿಸಿ ಡಿಎನ್ಎ ಪರೀಕ್ಷೆ ಮಾಡಿದ್ರು, 2016ರಲ್ಲಿ ಪ್ರಕಟ ಆಯ್ತು, ಬಹುಪಾಲು ಅಶೋಕವೇ ಅಲ್ಲ. ಅದಕ್ಕೂ ಮುಂಚೆ 2010ರಲ್ಲಿ ನೆಲನೆಲ್ಲಿ ಬಗ್ಗೆ ಇಂಥದ್ದೇ ಒಂದು ಅಧ್ಯಯನ ಬಂದಿತ್ತು. ಕಾಮಾಲೆಗೆ ಅಂತ ನಮ್ಮ ಅಜ್ಜಿಯಂದಿರು ಅರೆದು ಕೊಡ್ತಿದ್ದ ಗಿಡ ಅದು. ದಕ್ಷಿಣ ಭಾರತದ 25 ಅಂಗಡಿಗಳ ಸರಕು ನೋಡಿದ್ರೆ ಒಂದೇ ಹೆಸರಲ್ಲಿ ಒಟ್ಟು 6 ಜಾತಿ ಗಿಡ ಸಿಕ್ತು. ಇವೇನೂ ಇಂಗ್ಲಿಷ್ ಔಷಧಿ ಕಂಪನಿಯ ಕರಪತ್ರಗಳಲ್ಲ, ನಿಮ್ಮ ಚಿಕ್ಕಪ್ಪನವರಿಗೆ ಹೇಳಿ, ಗಿಡಮೂಲಿಕೆ ಉಳೀಬೇಕು ಅನ್ನೋ ಆಸೆಯಿಂದಲೇ ಕೆಲಸ ಮಾಡೋರು ಕಂಡುಹಿಡಿದಿದ್ದು.

ನಿಮ್ಮ ತಮ್ಮನ ಮಾತಲ್ಲಿ ಸತ್ಯ ಇಲ್ಲ ಅಂತ ಹೇಳಲ್ಲ. ಯಾವ ಔಷಧಿನೇ ಆಗ್ಲಿ ಪರೀಕ್ಷೆಗೆ ನಿಲ್ಲಬೇಕು, ಅಶೋಕದ ಕಷಾಯನೂ ನಿಲ್ಲಬೇಕು. ಆದ್ರೆ ನಿಮ್ಮಮ್ಮ ಅಶೋಕವನ್ನ ಕುಡಿದೇ ಇಲ್ಲವಲ್ಲ! ಕುಡೀದೇ ಇರೋ ಔಷಧಿ ಕೆಲಸ ಮಾಡ್ಲಿಲ್ಲ ಅಂತ ಬಯ್ಯೋದು ಯಾವ ಸೈನ್ಸು? ಕಲಬೆರಕೆ ಮಾಡೋ ದೊಡ್ಡ ಅನ್ಯಾಯ ಇದು, ರೋಗಿಗೂ ಮೋಸ, ಔಷಧಿಗೂ ಮೋಸ. ಈ ಸರಕು ಇಟ್ಕೊಂಡು ಆಯುರ್ವೇದ ನಿಜ ಅಂತಾನೂ ಹೇಳೋಕಾಗಲ್ಲ, ಸುಳ್ಳು ಅಂತಾನೂ ಹೇಳೋಕಾಗಲ್ಲ.

ಹೆಸರು ಒಂದು ಗಿಡ ಬೇರೆ ಅನ್ನೋದು ಸಣ್ಣ ವಿಷಯ ಅಂದ್ಕೊಂಡಿರೋರಿಗೆ ನಾನು ಯಾವಾಗಲೂ ಬೆಲ್ಜಿಯಂ ಕಥೆ ಹೇಳ್ತೀನಿ. 1990ರ ದಶಕದ ಶುರುವಲ್ಲಿ ಬ್ರಸೆಲ್ಸ್‌ನ ಒಂದು ತೂಕ ಇಳಿಸೋ ಕ್ಲಿನಿಕ್ಕಲ್ಲಿ ಚೀನಾದ ಮೂಲಿಕೆ ಸೇರಿಸಿದ ಮಾತ್ರೆ ಕೊಡ್ತಿದ್ರು. ಹಾನ್ ಫಾಂಗ್ ಜಿ ಅನ್ನೋ ಬೇರು ಹಾಕಬೇಕಿತ್ತು, ಬಂದಿದ್ದು ಗುವಾಂಗ್ ಫಾಂಗ್ ಜಿ. ಹೆಸರಲ್ಲಿ ಒಂದು ಪದದ ಫರಕು, ಅಷ್ಟೇ. ಎರಡನೇದು ನಮ್ಮ ಈಶ್ವರಿ ಬಳ್ಳಿಯ ಕುಲದ್ದು, ಅದರಲ್ಲಿರೋ ಆಮ್ಲ ಕಿಡ್ನಿನ ಒಳಗಿಂದಲೇ ಒಣಗಿಸುತ್ತೆ. ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯ್ತು, ಎಷ್ಟೋ ಜನ ಡಯಾಲಿಸಿಸ್‌ಗೆ, ಕಿಡ್ನಿ ಕಸಿಗೆ ಹೋದ್ರು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರೂ ಬಂತು. ಕೋವಿಡ್ ಟೈಮಲ್ಲಿ ನಾವೆಲ್ಲ ಅಮೃತಬಳ್ಳಿ ಹಿಂದೆ ಬಿದ್ವಲ್ಲ, ಲಿವರ್ ಕೆಟ್ಟ ಕೇಸುಗಳು ಮುಂಬೈಯಿಂದ ವರದಿ ಆದಾಗ ಆಯುಷ್ ಸಚಿವಾಲಯವೇ ಹೇಳ್ತು, ಅದರ ಹಾಗೇ ಕಾಣೋ ಇನ್ನೊಂದು ಬಳ್ಳಿ ಇದೆ, ಅದು ಅಪಾಯ, ಸರಿಯಾಗಿ ಗುರುತಿಸಿ ಅಂತ. ಗುರುತಿಸೋರು ಯಾರು? ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಬಳ್ಳಿ ತುಂಡು ಆನ್‌ಲೈನಲ್ಲಿ ತರಿಸಿಕೊಂಡೋರಾ?

ನನಗೆ ಇದು ಪೇಪರಲ್ಲಿ ಓದಿದ ವಿಷಯ ಮಾತ್ರ ಅಲ್ಲ. ನಮ್ಮ ದೊಡ್ಡಪ್ಪ ಮಂಡಿ ನೋವಿಗೆ ಅಂತ ಒಬ್ಬರ ಹತ್ರ ಪೊಟ್ಟಣದ ಪುಡಿ ತರ್ತಿದ್ರು, "ಪೂರ್ತಿ ಗಿಡಮೂಲಿಕೆ" ಅಂತ ಹೇಳಿ ಕೊಡ್ತಿದ್ದಿದ್ದು. ಮೂರೇ ದಿನಕ್ಕೆ ನೋವು ಮಾಯ, ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ಒಂದು ವರ್ಷ ಆಗೋ ಹೊತ್ತಿಗೆ ಮುಖ ಚಂದ್ರನ ಥರ ಊದಿಕೊಳ್ತು, ಸಕ್ಕರೆ ಕಾಯಿಲೆ ಬಂತು, ಕೈ ತಾಗಿದ್ರೆ ಚರ್ಮ ಸುಲಿಯೋದು. ಆಸ್ಪತ್ರೆಲಿ ಡಾಕ್ಟ್ರು ನೋಡಿದ ತಕ್ಷಣ ಸ್ಟಿರಾಯ್ಡ್ ಅಂದ್ರು. ಬೇರಿಗೆ ಬೇರು ಬೆರೆಸೋದು ಒಂದು ಪಾಪ, ಬೇರಿನ ಹೆಸರಲ್ಲಿ ಇಂಗ್ಲಿಷ್ ಮಾತ್ರೆ ಪುಡಿ ಮಾಡಿ ತಿನ್ನಿಸೋದು ಕೊಲೆಗೆ ಹತ್ತಿರದ್ದು. ದೊಡ್ಡಪ್ಪ ಕೊನೇವರೆಗೂ ಆ ಪುಡಿ ಕೊಟ್ಟೋರನ್ನ ಬಯ್ಯಲಿಲ್ಲ, ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿ.

ಈಗ ನನ್ನ ಮಾತಿಗೆ ಬರ್ತೀನಿ, ಈ ಕಾಲಂನ ಹಳೇ ಓದುಗರಿಗೆ ಗೊತ್ತಿರೋದೇ. ಗಿಡ ಗುರುತಿಸೋ ಕಣ್ಣಿಗೆ ನಾವು ಮರ್ಯಾದೆ ಕೊಡೋದು ಬಿಟ್ವಿ, ಕಲಬೆರಕೆ ಅಲ್ಲಿಂದಲೇ ಒಳಗೆ ನುಗ್ತು. ಚರಕ ಎಷ್ಟು ಸ್ಪಷ್ಟವಾಗಿ ಹೇಳಿದಾನೆ ನೋಡಿ, ಮೂಲಿಕೆಯ ಹೆಸರು, ರೂಪ ಗೊತ್ತಿರೋದು ಕಾಡಲ್ಲಿ ಆಡು ಕುರಿ ಕಾಯೋರಿಗೆ, ಕಾಡಲ್ಲೇ ಬದುಕೋರಿಗೆ ಅಂತ. ಗೊತ್ತಿಲ್ಲದ ಔಷಧಿ ವಿಷ, ಆಯುಧ, ಬೆಂಕಿ, ಸಿಡಿಲಿನ ಹಾಗೆ, ಗೊತ್ತಿರೋದು ಅಮೃತ ಅಂತಾನೂ ಅಲ್ಲೇ ಹೇಳ್ತಾನೆ. ವೈದ್ಯ ಹೋಗಿ ಕುರಿ ಕಾಯೋನನ್ನ ಕೇಳೋ ಕಾಲ ಇತ್ತು! ಈಗ ಅದೇ ಮನುಷ್ಯ ದಿನವಿಡೀ ಕಾಡು ಸುತ್ತಿ ತಂದ ಸರಕಿಗೆ ಕೆಜಿ ಲೆಕ್ಕದಲ್ಲಿ ಪುಡಿಗಾಸು, ಸರಿಯಾದ ಗಿಡ ತಂದ್ರೂ ಅಷ್ಟೇ, ಏನೋ ಒಂದು ಕೆತ್ತಿಕೊಂಡು ಬಂದ್ರೂ ಅಷ್ಟೇ. ಅವನ ಕೈಯಿಂದ ಏಜೆಂಟು, ಏಜೆಂಟಿಂದ ಮಂಡಿ, ಮಂಡಿಯಿಂದ ಇನ್ನೊಂದು ರಾಜ್ಯದ ಮಂಡಿ, ಎಲ್ಲೂ ಯಾರೂ ಚೀಲ ಬಿಚ್ಚಿ ಇದು ಯಾವ ಕಾಡಿಂದು, ಯಾವ ತಿಂಗಳಲ್ಲಿ ತೆಗೆದಿದ್ದು ಅಂತ ಕೇಳಲ್ಲ.

ಇದಕ್ಕೆ ಕೆಲವರು, ಬದಲಿ ಗಿಡ ಬಳಸೋದು ಶಾಸ್ತ್ರದಲ್ಲೇ ಇದೆಯಲ್ಲ ಸಾರ್ ಅಂತಾರೆ. ಇದೆ, ಪ್ರತಿನಿಧಿ ದ್ರವ್ಯ ಅಂತ. ಮೇದಾ ಸಿಗದಿದ್ರೆ ಶತಾವರಿ, ಕಾಕೋಲಿ ಸಿಗದಿದ್ರೆ ಅಶ್ವಗಂಧ ಅಂತ 'ಭಾವಪ್ರಕಾಶ' ಅನ್ನೋ ಆಯುರ್ವೇದ ಗ್ರಂಥ ಬರೆದ ಭಾವಮಿಶ್ರ ಪಟ್ಟಿನೇ ಕೊಟ್ಟಿದಾನೆ. ಆದ್ರೆ ಅವನು ಹೇಳಿ ಹಾಕ್ತಾನೆ, ಇವರು ಹೇಳದೆ ಹಾಕ್ತಾರೆ. ನಮ್ಮಜ್ಜಿ ಒಂದೆಲಗವನ್ನೇ ಬ್ರಾಹ್ಮಿ ಅಂತಿದ್ರು, ಬೇರೆ ಕಡೆ ನೀರುಬ್ರಾಹ್ಮಿನ ಬ್ರಾಹ್ಮಿ ಅಂತಾರೆ, ಅದು ಕಲಬೆರಕೆ ಆಗಲ್ಲ, ಅಜ್ಜಿಗೆ ತಾನು ಯಾವ ಗದ್ದೆ ಬದುವಿಂದ ಯಾವ ಎಲೆ ಕಿತ್ತೆ ಅಂತ ಗೊತ್ತಿತ್ತು.

ತಯಾರಕರ ಕಷ್ಟನೂ ಇಲ್ಲ ಅಂತಲ್ಲ. ಅಶೋಕ ಮರವೇ ಅಳಿವಿನ ಭಯದ ಪಟ್ಟಿಲಿದೆ, ಸುತ್ತಲೂ ತೊಗಟೆ ಸುಲಿದ್ರೆ ಮರ ಸಾಯುತ್ತೆ, ಹತ್ತು ಬೇರು ಸೇರಿಸಿ ಮಾಡೋ ದಶಮೂಲಕ್ಕೆ ಬಿಲ್ವ, ಶಿವನೆ, ಪಾದರಿಯ ಬೇರನ್ನೇ ಹಾಕಬೇಕು ಅಂದ್ರೆ ಮರನೇ ಉರುಳಿಸಬೇಕು, ಅಷ್ಟು ಸರಕು ಎಲ್ಲಿಂದ ತರೋದು ಅಂತ ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಹಾಗಿದ್ರೆ ಬಾಟ್ಲಿ ಮೇಲೆ ಹಾಗೇ ಬರೀರಿ ಅಂತೀನಿ ನಾನು, ಬೇರಿನ ಬದಲು ಕಾಂಡದ ತೊಗಟೆ ಹಾಕಿದೀವಿ ಅಂತ. ಟಿವಿ ಜಾಹೀರಾತಿಗೆ ಸುರಿಯೋ ದುಡ್ಡಲ್ಲಿ ಎಷ್ಟು ಎಕರೆ ಅಶೋಕ ನೆಡಬಹುದಿತ್ತು!

ಕಾನೂನು ಇಲ್ವಾ ಅಂದ್ರೆ ಇದೆ. 1940ರ ಔಷಧಿ ಕಾಯಿದೆಗೆ 1964ರಲ್ಲಿ ಆಯುರ್ವೇದಕ್ಕೆ ಅಂತಲೇ ಬೇರೆ ಅಧ್ಯಾಯ ಸೇರಿಸಿದ್ರು, ಕಲಬೆರಕೆ, ನಕಲಿ ಎರಡಕ್ಕೂ ಅದರಲ್ಲಿ ಕಲಂ ಇದೆ. ಆದ್ರೆ ತಯಾರಿಸೋಕೆ ಲೈಸೆನ್ಸ್ ಬೇಕು, ಮಾರೋಕೆ ಬೇಡ. ನಿಮ್ಮೂರ ಮೆಡಿಕಲ್ ಸ್ಟೋರ್‌ನವರು ಲೈಸೆನ್ಸು, ಫಾರ್ಮಸಿಸ್ಟು ಇಟ್ಕೊಂಡಿರಬೇಕು, ಪಕ್ಕದ ಅಂಗಡಿಲಿ ಆಯುರ್ವೇದದ ಬಾಟ್ಲಿ ಮಾರೋರಿಗೆ ಅಂಥದ್ದೊಂದೂ ಬೇಕಿಲ್ಲ. 1905ರಲ್ಲಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಲಿ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ತಲ್ಲ, ಅದರಲ್ಲಿ ಧಾನ್ಯ, ಎಣ್ಣೆ, ಉಪ್ಪು, ಸುಗಂಧದ ಜೊತೆಗೆ ಔಷಧಿನೂ ಸೇರಿಸಿ, ಅದೇ ಥರ ಕಾಣೋದನ್ನ ಬೆರೆಸಿದೋನಿಗೆ 12 ಪಣ ದಂಡ ಅಂತಿದೆ. ಅಷ್ಟು ಹಿಂದೆ ತಕ್ಕಡಿ ಹಿಡಿದು ಕೂತಿದ್ದ ವ್ಯಾಪಾರಿನ ಹಿಡೀತಿದ್ರು. ನಾವು ಅವನೊಬ್ಬನನ್ನ ಬಿಟ್ಟು ಬೇರೆಯವರನ್ನೆಲ್ಲ ಹುಡುಕ್ತೀವಿ.

ಇನ್ನು ನಮ್ಮ ಮಕ್ಕಳ ವಿಷಯ ಎತ್ತಿದ್ರೆ ಈ ಪುಟ ಸಾಲಲ್ಲ. ಸ್ಕೂಲ್ ಮುಂದೆ ಸಾಲಾಗಿ ನಿಂತಿರೋ ಮರದ ಹೆಸರು ಕೇಳಿದ್ರೆ ಟೀಚರೂ ಅಶೋಕ ಅಂತಾರೆ, ನರ್ಸರಿಯವನೂ ಅಶೋಕ ಅಂತ ಮಾರ್ತಾನೆ, ನೀವು ನಿಜವಾದ ಅಶೋಕ ಕೊಡಿ ಅಂದ್ರೆ ಮುಖ ಮುಖ ನೋಡ್ತಾನೆ.

ನಿಮಗೂ ಒಂದು ಮಾತು ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಐದು ತಿಂಗಳು ರಕ್ತ ಹೋಗ್ತಿರೋ ತಾಯಿನ ಕಷಾಯದ ಮೇಲೇ ಬಿಟ್ಟಿದ್ದು ತಪ್ಪು. ಅಸಲಿ ಅಶೋಕವೇ ಆಗಿದ್ರೂ ತಪ್ಪೇ ಆಗ್ತಿತ್ತು. ಈ ವಾರವೇ ಸ್ತ್ರೀರೋಗ ತಜ್ಞರ ಹತ್ರ ಕರ್ಕೊಂಡು ಹೋಗಿ, ಹಿಮೋಗ್ಲೋಬಿನ್ ನೋಡಿಸಿ, ಸ್ಕ್ಯಾನ್ ಬೇಕು ಅಂದ್ರೆ ಮಾಡಿಸಿ, ಗಡ್ಡೆಯೋ ಇನ್ನೊಂದೋ ಇದ್ರೆ ಗೊತ್ತಾಗ್ಲಿ. ಏನಂದ್ರು ಅಂತ ನನಗೆ ಒಂದು ಸಾಲು ಬರೀರಿ.

ನಿಮ್ಮ ತುಂಡನ್ನ ವಾಪಸ್ ಕಳಿಸ್ತಿದೀನಿ. ಜೊತೆಗೆ ಮೇಷ್ಟ್ರ ಹಿತ್ತಲಲ್ಲಿರೋ ಅಶೋಕದ ಒಣಗಿದ ಹೂಗೊಂಚಲು, ಎರಡು ಎಲೆ, ಉದುರಿದ ಕೊಂಬೆಯ ತೊಗಟೆ ಒಂದು ಚೂರು ಇದೆ. ಎರಡೂ ತೊಗಟೆನ ಅಂಗಡಿಯವರ ಮುಂದೆ ಪಕ್ಕಪಕ್ಕ ಇಟ್ಟು ತೋರಿಸಿ.