‘ಎಫ್. ಕೋಬೆಲ್’ ಸಹಿಯ ಹಳೇ ಎಚಿಂಗ್: ಎಷ್ಟು ಹಳೆಯದು, ಹೇಗೆ ಇಡುವುದು?

ನಿಮ್ಮ ಬಳಿಯಿರುವ ಎಚಿಂಗ್‌ನಲ್ಲಿ (ತಾಮ್ರದ ತಗಡಿನಿಂದ ತೆಗೆದ ಅಚ್ಚುಚಿತ್ರ) ಹೊರೆ ಹೊತ್ತ ಹೆಂಗಸು, ಕೋಲೂರಿದ ರೈತ, ಕೆಳಗೆ ‘ಎಫ್. ಕೋಬೆಲ್ ಎಫ್.’ ಎಂಬ ಬರಹ, ಕಾಗದದ ಮೇಲೆ ಕಂದು ಚುಕ್ಕೆಗಳು. ಇದು ಅಸಲಿಯೇ, ಬ್ಲೀಚ್ ಮಾಡಿಸಬಹುದೇ ಎಂದು ಕೇಳಿದ್ದೀರಿ. ಬ್ಲೀಚ್ ಖಂಡಿತ ಬೇಡ.

ಕೊನೆಯ ‘ಎಫ್’ ಎಂದರೆ ಲ್ಯಾಟಿನ್ನಿನ ಫೆಕಿಟ್, ‘ಮಾಡಿದ’ ಎಂದರ್ಥ. ಫರ್ಡಿನಾಂಡ್ ಕೋಬೆಲ್ (1740–1799) ಜರ್ಮನಿಯ ಮ್ಯಾನ್‌ಹೈಮ್ ಆಸ್ಥಾನದ ಭೂದೃಶ್ಯ ಕಲಾವಿದ. ಆದರೆ ಕಲಾವಿದನೇ ಆಗಿದ್ದ ಅವನ ತಮ್ಮ ಫ್ರಾಂಟ್ಸ್ ಕೋಬೆಲ್‌ನ ಹೆಸರೂ ‘ಎಫ್’ನಿಂದಲೇ ಶುರುವಾಗುವುದರಿಂದ ಸಹಿಯೊಂದನ್ನೇ ನಂಬಬೇಡಿ.

ಮೊದಲು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ರೈತನ ತೋಳು ನೋಡಿ. ಸಾಲುಸಾಲು ಚುಕ್ಕೆ ಕಂಡರೆ ಅದು ಈಚಿನ ಯಂತ್ರದ ಆಫ್‌ಸೆಟ್ ಮುದ್ರಣ, ಅಲ್ಲಿಗೆ ಮುಗಿಯಿತು. ಎಚಿಂಗ್‌ನಲ್ಲಿ ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಆಮ್ಲಕ್ಕೆ ಇಳಿಸುತ್ತಾರೆ. ಆಮೇಲೆ ಆ ಗೆರೆಗಳಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತುತ್ತಾರೆ. ಆಮ್ಲ ತಿಂದ ಗೆರೆಯ ಅಂಚು ತುಸು ಒರಟು, ತುದಿ ಮೊಂಡು. ಉಳಿಯಿಂದ ಕೊರೆದ ಗೆರೆಯಾದರೆ ತುದಿ ಸೂಜಿಯಂತೆ ಸಣ್ಣಗಾಗುತ್ತದೆ. ಟಾರ್ಚನ್ನು ಪಕ್ಕದಿಂದ, ಕಾಗದಕ್ಕೆ ತಾಗುವಷ್ಟು ಕೆಳಗೆ ಹಿಡಿದರೆ ದಟ್ಟ ಗೆರೆಗಳ ಮಸಿ ಉಬ್ಬಿ ನಿಂತದ್ದು ಕಾಣಬೇಕು. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಇದ್ದರೆ ಒಳ್ಳೆಯದೇ. ಆದರೆ ಫೋಟೊಗ್ರಾವ್ಯೂರ್ (ಫೋಟೊ ಮೂಲಕ ತಗಡಿಗೆ ಇಳಿಸಿ ಒತ್ತಿದ) ನಕಲಿನಲ್ಲೂ ಆ ತಗ್ಗು ಇರುತ್ತದೆ. ಅಂಚು ಕತ್ತರಿಸಿದ ಅಸಲಿಯಲ್ಲಿ ಇರದೆಯೂ ಹೋಗಬಹುದು.

ನಿಜವಾದ ತೊಡಕು ಇನ್ನೊಂದಿದೆ. ಕೋಬೆಲ್ ತೀರಿಕೊಂಡ ಮೇಲೆಯೂ ಅವನದೇ ತಗಡುಗಳಿಂದ ಅಚ್ಚು ತೆಗೆದರು: 1809ರಲ್ಲಿ ನ್ಯೂರೆಂಬರ್ಗ್‌ನ ಪ್ರಕಾಶಕ ಫ್ರೌಎನ್‌ಹೋಲ್ಟ್ಸ್, ಆಮೇಲೆ 1842ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ. ಇವನ್ನು ನಕಲಿ ಎನ್ನುವಂತಿಲ್ಲ, ಆದರೆ ಬೆಲೆ ಕಡಿಮೆ. ಇಲ್ಲಿ ಕಾಗದವೇ ಸಾಕ್ಷಿ. ಕಿಟಕಿಯ ಬೆಳಕಿಗೆ ಹಿಡಿಯಿರಿ. ಸುಮಾರು 25 ಮಿ.ಮೀ. ಅಂತರದಲ್ಲಿ ಉದ್ದ ಗೆರೆಗಳು, ಅವಕ್ಕೆ ಅಡ್ಡಲಾಗಿ ಒತ್ತೊತ್ತಾದ ಸಣ್ಣ ಗೆರೆಗಳು ಕಂಡರೆ ಕಲಾವಿದ ಬದುಕಿದ್ದಾಗಿನ ಅಚ್ಚು ಇರಬಹುದು. ಗೆರೆಯೇ ಇಲ್ಲದ ನುಣುಪು ಕಾಗದವಾದರೆ ಹೆಚ್ಚಾಗಿ ಆಮೇಲಿನದು. ಹೆಂಗಸಿನ ಲಂಗದ ನೆರಳನ್ನೂ ನೋಡಿ. ತಗಡು ಸವೆದಂತೆ ಮೊದಲು ಅಳಿಸುವುದು ಇಂಥ ಎಳೆ ಗೆರೆಗಳೇ. ದಟ್ಟ ಗೆರೆಗಳು ಮಾತ್ರ ಕಪ್ಪಾಗಿ ಉಳಿದು ಚಿತ್ರ ಬಿಡಿಬಿಡಿಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಸಹಿಗಿಂತ ಈ ನೆರಳೇ ಹೆಚ್ಚು ಹೇಳುತ್ತದೆ.

ಕಂದು ಚುಕ್ಕೆಗೆ ಕಾರಣ ಬೂಷ್ಟು, ತೇವ, ಕಾಗದದೊಳಗಿನ ಕಬ್ಬಿಣದ ಕಣ. ಮನೆಯ ಬ್ಲೀಚ್ ಕಲೆಯ ಜೊತೆ ನಾರನ್ನೂ ತಿನ್ನುತ್ತದೆ, ಕೆಲ ವರ್ಷಕ್ಕೆ ಕಾಗದ ಹಪ್ಪಳವಾಗುತ್ತದೆ. ತೊಳೆಯುವುದಿದ್ದರೆ ಕಾಗದ ಸಂರಕ್ಷಕರೇ ತೊಳೆಯಲಿ. ನಿಮ್ಮ ಪಾಲಿನ ಕೆಲಸವೆಂದರೆ ಹಿಂದಿನ ರಟ್ಟು ತೆಗೆದು ಆಮ್ಲರಹಿತ ಬೋರ್ಡ್ ಹಾಕುವುದು. ಅಂಟಿಕೊಂಡಿದ್ದರೆ ಮಾತ್ರ ಕೀಳಬೇಡಿ. ಸೆಲೊಟೇಪ್, ಫೆವಿಕಾಲ್ ಹತ್ತಿರವೂ ಬೇಡ. ಮೇಲಂಚಿನಲ್ಲಿ ಎರಡೇ ಕಡೆ, ಜಪಾನೀ ಕಾಗದದ ತುಂಡನ್ನು ಗೋಧಿ ಪಿಷ್ಟದ ಅಂಟಿನಿಂದ ಅಂಟಿಸಿ ಬೋರ್ಡಿಗೆ ತೂಗುಬಿಡಿ. ನಾಲ್ಕೂ ಬದಿ ಅಂಟಿಸಿದರೆ ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ಸುಕ್ಕುಗಟ್ಟುತ್ತದೆ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ (ಚಿತ್ರದಷ್ಟು ಜಾಗ ಕತ್ತರಿಸಿದ ದಪ್ಪ ರಟ್ಟು) ಇರಲಿ. ಕರಾವಳಿ, ಮಲೆನಾಡಿನ ಮನೆಯಾದರೆ ಹೊರಗೋಡೆಗೆ ತೂಗುಹಾಕಬೇಡಿ.

ಮಾರುವ ಅಥವಾ ವಿಮೆ ಮಾಡಿಸುವ ಯೋಚನೆಯಿದ್ದರೆ ತಗ್ಗಿನ ಅಂಚಿನಿಂದ ಅಂಚಿಗೆ ಮಿ.ಮೀ.ನಲ್ಲಿ ಅಳೆದು, ಎತ್ತರ ಮೊದಲು, ಅಗಲ ಆಮೇಲೆ ಬರೆದುಕೊಳ್ಳಿ. ಕೋಬೆಲ್ ಎಚಿಂಗ್‌ಗಳನ್ನು ಸ್ಟೆಂಗಲ್ ಎಂಬಾತ 1822ರಲ್ಲಿ ಪಟ್ಟಿ ಮಾಡಿದ್ದಾನೆ. ಹರಾಜಿನವರು ಕೇಳುವುದು ಆ ಪಟ್ಟಿಯ ಸಂಖ್ಯೆಯನ್ನೇ.