ಮಂತ್ರ ಧ್ಯಾನದಿಂದ ನಿಜವಾಗ್ಲೂ ಉಪಯೋಗ ಇದೆಯಾ, ದುಡ್ಡು ಕೊಟ್ಟೇ ಕಲೀಬೇಕಾ?

ಮಂತ್ರ ಹೇಳ್ಕೊಂಡು ಧ್ಯಾನ ಮಾಡಿದ್ರೆ ಟೆನ್ಷನ್ ಕಮ್ಮಿ ಆಗುತ್ತಾ, ದೇವರಲ್ಲಿ ನಂಬಿಕೆ ಇಲ್ಲದವರು ಫೀಸ್ ಕಟ್ಟಿ ಗುಟ್ಟಿನ ಮಂತ್ರ ತಗೋಬೇಕಾ ಅಂತ ಕೇಳಿದೀರಿ. ನಾನು ವರ್ಷಗಳಿಂದ ಮಾಡ್ತಾ ಇದೀನಿ, ಮೊದಲನೇದಕ್ಕೆ ಹೌದು ಅಂತೀನಿ, ಎರಡನೇದಕ್ಕೆ ಅಗತ್ಯ ಇಲ್ಲ ಅಂತೀನಿ.

ಕೂತಾಗ ಏನಾಗುತ್ತೆ ಅಂದ್ರೆ, ಕಣ್ಣು ಮುಚ್ಚಿ ಮನಸ್ಸಲ್ಲೇ ಶುರು ಮಾಡ್ತೀರಿ, ಐದಾರು ಸಲ ಸರಿಯಾಗೇ ಬರುತ್ತೆ, ಆಮೇಲೆ ಯಾವಾಗ ಅಂತಾನೇ ಗೊತ್ತಾಗದ ಹಾಗೆ ನಾಳೆ ಕಟ್ಟಬೇಕಾದ ಬಿಲ್ಲು, ಯಾರೋ ಆಡಿದ ಮಾತು, ಅದಕ್ಕೆ ನಾವು ಕೊಡಬೇಕಿದ್ದ ಉತ್ತರ ಎಲ್ಲಾ ನುಗ್ಗಿ ಮಂತ್ರ ಮಾಯ ಆಗಿರುತ್ತೆ. ಅದು ಗೊತ್ತಾದ ತಕ್ಷಣ ನಮ್ಮನ್ನ ನಾವೇ ಬೈಕೊಳ್ಳದೆ ಮತ್ತೆ ಮಂತ್ರಕ್ಕೆ ವಾಪಸ್ ಬರ್ತೀವಲ್ಲ, ಅಭ್ಯಾಸ ಅಂದ್ರೆ ಅದೇ. ಎಷ್ಟೋ ಜನ ನನಗೆ ಏಕಾಗ್ರತೆ ಇಲ್ಲ ಅಂತ ಇಲ್ಲೇ ಬಿಟ್ಟುಬಿಡ್ತಾರೆ, ನನಗೆ ತುಂಬ ಬೇಜಾರಾಗೋದು ಅದಕ್ಕೇ.

ದೇಹಕ್ಕೂ ಪರಿಣಾಮ ಇದೆ. ಇಟಲಿಯ ಸಂಶೋಧಕ ಬರ್ನಾರ್ಡಿ ಅನ್ನೋರ ತಂಡ ಕ್ರೈಸ್ತರ ಲ್ಯಾಟಿನ್ ಜಪಮಾಲೆ ಪ್ರಾರ್ಥನೆ, 'ಓಂ ಮಣಿ ಪದ್ಮೆ ಓಂ' ಅನ್ನೋ ಮಂತ್ರ ಎರಡನ್ನೂ ಬಾಯಲ್ಲಿ ಹೇಳಿಸಿ ನೋಡಿತ್ತು, 2001ರಲ್ಲಿ ಪ್ರಕಟ ಆಯ್ತು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳೀತು, ಹೃದಯದ ಬಡಿತ, ಬಿಪಿಯ ಏರಿಳಿತ ಎಲ್ಲಾ ಅದೇ ಲಯಕ್ಕೆ ಬಂತು. ಧರ್ಮ ಬೇರೆ, ಭಾಷೆ ಬೇರೆ, ಆದ್ರೂ ಫಲ ಒಂದೇ. ಹಾರ್ವರ್ಡ್‌ನ ಡಾಕ್ಟರ್ ಹರ್ಬರ್ಟ್ ಬೆನ್ಸನ್ ಮಹರ್ಷಿ ಮಹೇಶ್ ಯೋಗಿಗಳ ಭಾವಾತೀತ ಧ್ಯಾನ (ಫೀಸ್ ಕಟ್ಟಿ ಗುಟ್ಟಿನ ಮಂತ್ರ ತಗೊಳ್ಳೋ ಪದ್ಧತಿ ಇದೇ) ಮಾಡೋರನ್ನೇ ಪರೀಕ್ಷೆ ಮಾಡಿದವರು, ಕೊನೆಗೆ ಅವರು ಹೇಳಿದ್ದೂ ಯಾವ ಪದ ಆದ್ರೂ ಸರಿ, ಸಮಾಧಾನವಾಗಿ ಮತ್ತೆ ಮತ್ತೆ ಹೇಳ್ಕೋಬೇಕು ಅಂತಾನೇ. ಅದಕ್ಕೇ ನಂಬಿಕೆ ಇರೋರು ಇಷ್ಟದೇವರ ಹೆಸರು ಹೇಳ್ಕೊಳ್ಳಿ, ಇಲ್ಲದವರು 'ಶಾಂತಿ' ಅಂತ ಹೇಳ್ಕೊಳ್ಳಿ, ನನ್ನ ದೃಷ್ಟೀಲಿ ಎರಡೂ ಸರೀನೇ.

ಅನುಮಾನ ಪಡಬೇಕಾದ್ದು ದೊಡ್ಡ ದೊಡ್ಡ ಮಾತುಗಳ ಬಗ್ಗೆ. ಶೇಕಡಾ 1 ಜನ ಧ್ಯಾನ ಮಾಡಿದ್ರೆ ಊರಲ್ಲೇ ಅಪರಾಧ ಇಳಿಯುತ್ತೆ ಅಂತ ಭಾವಾತೀತ ಧ್ಯಾನದವರು ಹೇಳ್ತಾರೆ, ಅದನ್ನ ನಾನು ಒಪ್ಪಲ್ಲ. 2013ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಬಿಪಿ ಇಳಿಸೋಕೆ ಈ ಧ್ಯಾನವನ್ನೂ ಪರಿಗಣಿಸಬಹುದು ಅಂತ ಅಂದಿತ್ತು, ಆದ್ರೆ ಖಡಾಖಂಡಿತವಾಗಿ ಅಲ್ಲ. ಮರುವರ್ಷ 47 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದವರಿಗೆ ಮೈಂಡ್‌ಫುಲ್‌ನೆಸ್‌ನಿಂದ (ಮಂತ್ರ ಇಲ್ಲದೆ ಉಸಿರು, ಯೋಚನೆಗಳನ್ನ ಸುಮ್ನೆ ಗಮನಿಸೋ ಧ್ಯಾನ) ಆತಂಕ, ಖಿನ್ನತೆ ಸ್ವಲ್ಪ ಕಮ್ಮಿ ಆಗುತ್ತೆ ಅನ್ನೋಕೆ ಒಂದು ಮಟ್ಟಿಗೆ ಪುರಾವೆ ಸಿಕ್ತು, ಮಂತ್ರ ಧ್ಯಾನಕ್ಕೆ ಅಷ್ಟು ಸಿಗಲಿಲ್ಲ. ನೆಟ್ಟಗೆ ಮಾಡಿದ ಅಧ್ಯಯನಗಳೇ ಕಮ್ಮಿ ಇದ್ವು ಅನ್ನೋದೂ ಇದೆ, ಹಾಗಂತ ನನಗೆ ಒಳ್ಳೇದಾಯ್ತು ಅನ್ನೋ ಒಂದೇ ಕಾರಣಕ್ಕೆ ಎಲ್ಲರಿಗೂ ಆಗುತ್ತೆ ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ.

ಎದುರಿಗೆ ಕೂತು ಹೇಳಿಕೊಡೋರು ಬೇಕು ಅನ್ಸಿದ್ರೆ ಫೀಸ್ ಕಟ್ಟಿ, ತಪ್ಪೇನಿಲ್ಲ, ಆದ್ರೆ ಮಾತ್ರೆ ನಿಲ್ಸಿ ಅನ್ನೋರ ಹತ್ರ, ಮುಂದಿನ ಹಂತಕ್ಕೆ ಇನ್ನಷ್ಟು ಕಟ್ಟಿ ಅಂತ ಬೆನ್ನು ಬೀಳೋರ ಹತ್ರ ಹೋಗ್ಬೇಡಿ. ಹಳೇ ಆಘಾತ, ತೀವ್ರ ಖಿನ್ನತೆ ಇರೋರಿಗೆ ಸುಮ್ನೆ ಕೂತಾಗಲೇ ಭಯ ಜಾಸ್ತಿ ಆಗಬಹುದು, ಹಾಗಾದ್ರೆ ಹಠ ಹಿಡಿದು ಕೂರಬೇಡಿ, ಕಣ್ಣು ಬಿಟ್ಟು ಎದ್ದು ಓಡಾಡಿ, ಡಾಕ್ಟರ್ ಹತ್ರ ಮಾತಾಡಿ. ಉಳಿದವರು ದಿನಾ ಹತ್ತು ನಿಮಿಷದಿಂದ ಶುರು ಮಾಡಿ, ಒಂದೆರಡು ತಿಂಗಳು ಆದ್ಮೇಲೆ ನಿದ್ದೆ ಹೇಗಿದೆ, ಸಿಟ್ಟು ಹೇಗಿದೆ ಅಂತ ಮನೆಯವರನ್ನೇ ಕೇಳಿ.