ಮುಟ್ಟಿನ ಹೊಟ್ಟೆನೋವಿಗೆ ಅಡುಗೆಮನೆಯಲ್ಲಿ ಏನಿದೆ?

ನಿಮ್ಮ ಮಗಳಿಗೆ 14 ವರ್ಷ, ಮುಟ್ಟಿನ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಾಳೆ, ಮಾತ್ರೆ ಕೊಡಲು ಮನಸ್ಸಿಲ್ಲ, ಮನೆಯಲ್ಲೇ ಏನು ಕೊಡಬಹುದು ಅಂತ ಕೇಳಿದ್ದೀರಿ. ನನ್ನ ಮಗಳದ್ದೂ ಇದೇ ಕಥೆ. ಕೊಡುವ ವಸ್ತು ನನಗೆ ಗೊತ್ತಿತ್ತು, ಕೊಡುವ ಹೊತ್ತು ಗೊತ್ತಿರಲಿಲ್ಲ. ಅವಳು ಅಳಲು ಶುರುಮಾಡಿದ ಮೇಲೆ ನಾನು ಕಷಾಯಕ್ಕೆ ನೀರಿಡುತ್ತಿದ್ದೆ. ಅಷ್ಟರಲ್ಲಿ ಕುಡಿದದ್ದೆಲ್ಲ ವಾಂತಿ.

ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕ ಜಾಸ್ತಿ ಆಗುತ್ತದೆ. ಗರ್ಭಕೋಶ ಬಟ್ಟೆ ಹಿಂಡಿದ ಹಾಗೆ ಬಿಗಿಯುವುದು ಅದರಿಂದಲೇ. ವಾಂತಿ, ಭೇದಿಯೂ ಅದರದ್ದೇ ಕಾಟ. ಈ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ಶುಂಠಿ ಸ್ವಲ್ಪ ತಗ್ಗಿಸುತ್ತದೆ. ಅಂದರೆ ನೋವು ಏರುವ ಮುಂಚೆಯೇ ಹೊಟ್ಟೆ ಸೇರಿರಬೇಕು. ಶುಂಠಿಯ ಪ್ರಯೋಗಗಳಲ್ಲಿ ದಿನಕ್ಕೆ 750 ಮಿ.ಗ್ರಾಂನಿಂದ 2 ಗ್ರಾಂವರೆಗೆ ಪುಡಿಯನ್ನು ಮೊದಲ 3-4 ದಿನ ಕೊಟ್ಟಿದ್ದಾರೆ. ನಾನು ಇಡೀ ದಿನಕ್ಕೆ ಅರ್ಧ ಟೀ ಚಮಚ ಒಣಶುಂಠಿ ಪುಡಿ ಲೆಕ್ಕ ಇಟ್ಟುಕೊಂಡಿದ್ದೇನೆ. ಜೀರಿಗೆ, ಬೆಲ್ಲ ಹಾಕಿ ಕುದಿಸಿ, ಎರಡು ಸಲ ಹಂಚಿ ಕೊಡುತ್ತೇನೆ. ಖಾಲಿ ಹೊಟ್ಟೆಗೆ ಬೇಡ, ಎದೆ ಉರಿಯುತ್ತದೆ.

ಈ ವಯಸ್ಸಿನಲ್ಲಿ ತಿಂಗಳ ಲೆಕ್ಕ ಸರಿಯಾಗಿ ಇರುವುದಿಲ್ಲ ಅಲ್ವಾ? ಹಾಗಾಗಿ ಕ್ಯಾಲೆಂಡರ್ ನಂಬಿ ಕೂರಬೇಡಿ. ಸೊಂಟ ಭಾರ ಆಗುವುದು, ಸುಮ್ನೆ ಸಿಡಿಮಿಡಿ ಅನ್ನುವುದು, ಒಂದೆರಡು ಕಲೆ ಕಾಣುವುದು ಶುರುವಾದ ಕೂಡಲೇ ಕೊಡಿ. ನನ್ನ ಮಗಳು ಈಗೀಗ ತಾನಾಗಿಯೇ ಬಂದು "ಅಮ್ಮಾ, ಶುಂಠಿ" ಅನ್ನುತ್ತಾಳೆ.

ಮೊದಲ ದಿನ ಊಟ ಸೇರುವುದಿಲ್ಲ. ಮೆಂತ್ಯ ಹಾಕಿದ ಗಂಜಿ ಅಥವಾ ಬಿಸಿ ರಾಗಿ ಅಂಬಲಿ ಸಾಕು. ಜೊತೆಗೆ ಹೊಟ್ಟೆ ಮೇಲೆ ಬಿಸಿನೀರಿನ ಚೀಲ ಇಡಿ. ಅದು ತಿನ್ನುವ ವಸ್ತು ಅಲ್ಲ, ಆದರೆ ಯಾವ ಕಷಾಯಕ್ಕೂ ಕಮ್ಮಿ ಇಲ್ಲ.

ನಮ್ಮ ಕಡೆ ಹುಡುಗಿ ಮೈನೆರೆದಾಗ ಎಳ್ಳಿನ ಚಿಗಳಿ, ಕೊಬ್ಬರಿ ಬೆಲ್ಲ ತಿನ್ನಿಸುತ್ತಾರೆ. ಆ ಸಂಭ್ರಮ ಮುಗಿದ ಮೇಲೆ ಮರೆತೇಬಿಡುತ್ತೇವೆ. ಚಿಗಳಿ ಉಳಿದ ದಿನಗಳಲ್ಲೂ ಇರಲಿ. ಅದು ನೋವಿನ ಔಷಧಿ ಅಂತಲ್ಲ, ಪ್ರತಿ ತಿಂಗಳು ರಕ್ತ ಹೋಗುವ ಮಗುವಿಗೆ ಕಬ್ಬಿಣದ ಅಂಶ ಬೇಕು ಅಂತ. ಹುರುಳಿ ಸಾರು, ಸೊಪ್ಪಿನ ಪಲ್ಯ ಮಾಡಿದಾಗ ನಿಂಬೆಹಣ್ಣು ಹಿಂಡಿ. ಊಟದ ಜೊತೆಗೇ ಟೀ ಕೊಡಬೇಡಿ, ಅದು ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಎಸೆಯದೆ ನುಂಗಲು ಹೇಳಿ. ಅದರಲ್ಲಿ 60 ಮಿ.ಗ್ರಾಂ ಕಬ್ಬಿಣ ಇರುತ್ತದೆ.

ಪಪ್ಪಾಯ ಉಷ್ಣ, ಮೊಸರು ಶೀತ ಅಂತ ಪಟ್ಟಿ ಹಿಡಿದು ಬರುವವರು ಇರುತ್ತಾರೆ. ಅವಳಿಗೆ ಸೇರಿದರೆ ಮೊಸರನ್ನ ತಿನ್ನಲಿ ಬಿಡಿ.

ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ತಿಂಗಳಿಂದ ತಿಂಗಳಿಗೆ ನೋವು ಜಾಸ್ತಿ ಆಗುತ್ತಿದ್ದರೆ, ಮುಟ್ಟಿಲ್ಲದ ದಿನವೂ ಕಿಬ್ಬೊಟ್ಟೆ ನೋಯುತ್ತಿದ್ದರೆ, ಪ್ರತಿ ತಿಂಗಳೂ ಶಾಲೆ ತಪ್ಪುತ್ತಿದ್ದರೆ ಕಷಾಯ ಪಕ್ಕಕ್ಕಿಟ್ಟು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಮಾತ್ರೆ ಬಗ್ಗೆ ಅಷ್ಟು ಹೆದರಿಕೆಯೂ ಬೇಡ. ನೋವಿನ ಮಾತ್ರೆ ತಡೆಯುವುದೂ ಅದೇ ಪ್ರೊಸ್ಟಗ್ಲಾಂಡಿನ್ ಅನ್ನು, ಶುಂಠಿಗಿಂತ ಜೋರಾಗಿ. ಯಾವುದು, ಎಷ್ಟು ಅಂತ ಡಾಕ್ಟರನ್ನೇ ಕೇಳಿ. ನನ್ನ ಮಗಳಿಗೆ ಈಗಲೂ ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದು ಬೇಕಾಗುತ್ತದೆ. ಗಂಜಿ ಕುಡಿಸಿ ಕೊಡುತ್ತೇನೆ.